ಕಕ್ಕೋರು ಯಾರಿದ್ದೀರಾ?

ಕಂಡಕ್ಟರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈಗ ತರಬೇತಿ ಕೊಡುತ್ತಾರೆ. ಟಿಕೆಟ್ ಮೆಷಿನ್ನಿನಲ್ಲಿ ಯಾವ ಗುಂಡಿ ಒತ್ತಬೇಕು, ಪ್ರಯಾಣಿಕರ ಜೊತೆ ಹೇಗೆ ನಗುನಗುತ್ತ ಮಾತಾಡಬೇಕು, ಅಂಗಿಯ ಮೇಲಿನ ಗುಂಡಿ ಯಾಕೆ ಹಾಕಿಕೊಂಡಿರಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಫ್ಯಾನಿನ ಕೆಳಗೆ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸುತ್ತಾರಂತೆ. ಹಾಗೆ ಹೇಳಿಕೊಡುವವರಲ್ಲಿ ಒಬ್ಬರಾದರೂ ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಜಾವಗಲ್ ದಾಟಿದ್ದರೆ ಮೊದಲನೆಯ ಪಾಠ ಬೇರೆಯದೇ ಇರುತ್ತಿತ್ತು. ಬಸ್ಸಿನಲ್ಲಿ ಜನ ಕಕ್ಕುತ್ತಾರೆ. ಆಗ ನೀನೇನು ಮಾಡುತ್ತೀಯ?

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ನಾನು ಬಹಳ ಕಾಲ ಕಂಡಕ್ಟರಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಜಯಮ್ಮ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತಾಡುವವರಿಲ್ಲದೆ ಬರೆಯಲು ಕೂತಿದ್ದೇನೆ. ಈ ಕೆಲಸದಲ್ಲಿ ನನಗೆ ಗೊತ್ತಾದ ಒಂದೇ ಒಂದು ಉಪಯೋಗದ ಸಂಗತಿ ಅವಳ ದೆಸೆಯಿಂದ ಗೊತ್ತಾದದ್ದು. ಹಾಗಾಗಿ ಅವಳ ಮಾತು ಬಂದೇ ಬರುತ್ತದೆ. ಅದು ಬೇಡ ಎನ್ನುವವರು ತರಬೇತಿಯಲ್ಲಿ ಕೊಡುವ ಪುಸ್ತಕವನ್ನೇ ಓದಿಕೊಳ್ಳಬಹುದು. ಅದರಲ್ಲಿ ಬಣ್ಣದ ಚಿತ್ರಗಳೂ ಇವೆ.

ಮೊದಲು ಪದದ ವಿಚಾರ. ನಮ್ಮ ಕಡೆ ಹಾಲು ಕುಡಿದ ಕೂಸು ಕಕ್ಕುತ್ತದೆ. ಹುಲ್ಲು ತಿಂದ ನಾಯಿ ಕಕ್ಕುತ್ತದೆ. ಬೀಗರೂಟದಲ್ಲಿ ಅಳತೆ ಮೀರಿ ಉಂಡ ಭಾವಮೈದ ಕಕ್ಕುತ್ತಾನೆ. ಕುಡಿದವನು ಕಾರಿಕೊಳ್ಳುತ್ತಾನೆ, ಅದು ಇನ್ನೂ ಜೋರು. ಹೊಟ್ಟೆ ಕಿವುಚಿಕೊಂಡು ಏನೂ ಬಾರದೆ ಬರೀ ಕಣ್ಣೀರು ಬಂದರೆ ಅದು ಓಕರಿಕೆ. ವಾಂತಿ ಆಗುವುದು ಆಸ್ಪತ್ರೆಯಲ್ಲಿ. ವಾಂತಿ ಎಂದ ಕೂಡಲೇ ಅದರ ಹಿಂದೆ ಭೇದಿಯೂ ನೆನಪಾಗಿ ಜನ ಕಾಯಿಲೆಯವರನ್ನು ಕಂಡಂತೆ ದೂರ ಸರಿಯುತ್ತಾರೆ. ಇನ್ನು ಬೆಂಗಳೂರು ನೋಡಿ ಬಂದವರಿಗೆ ‘ವಾಮಿಟ್’ ಆಗುತ್ತದೆ. ಅದೇ ಚಿತ್ರಾನ್ನ, ಅದೇ ವಾಸನೆ, ಹೆಸರಿಗೆ ಮಾತ್ರ ಇಸ್ತ್ರಿ ಹಾಕಿದೆ.

ಕಕ್ಕು ಎನ್ನುವುದರಲ್ಲಿ ಕಾಯಿಲೆಯೂ ಇಲ್ಲ, ಅವಮಾನವೂ ಇಲ್ಲ. ಕೂಸು ಹೆಗಲ ಮೇಲೆ ಕಕ್ಕಿದರೆ ತಾಯಿ ಸೆರಗಿನಲ್ಲಿ ಒರೆಸಿಕೊಂಡು ಆಡುತ್ತಿದ್ದ ಮಾತನ್ನು ಮುಂದುವರಿಸುತ್ತಾಳೆ. ಕೂಸಿಗೆ ಈ ಪದ ಸರಿ, ದೊಡ್ಡವರಿಗೆ ಮಾತ್ರ ಕೀಳು ಎಂದು ಯಾರು ತೀರ್ಮಾನ ಮಾಡಿದರೋ ತಿಳಿಯದು. ಅಂಥವರು ಪುಣ್ಯವಂತರು, ಕಿಟಕಿ ಪಕ್ಕದ ಸೀಟು ಬೇಡದೆಯೇ ಸಿಕ್ಕವರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಬುದ್ಧಿವಂತಿಕೆಯನ್ನೂ ಹೇಳಿಬಿಡುತ್ತೇನೆ. ಜಾವಗಲ್ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಕಕ್ಕಿದರು. ನಾನು ಡ್ರೈವರ್ ಪಕ್ಕ ಇದ್ದ ನೀರಿನ ಕ್ಯಾನು ತಂದು ಪೂರ್ತಿ ಸುರಿದೆ. ಹೊರಗಡೆ ಹರಿದು ಹೋಗುತ್ತದೆ ಎಂದು ಲೆಕ್ಕ. ಮುಂದೆ ಎಮ್ಮೆ ಅಡ್ಡ ಬಂತು. ಬ್ರೇಕ್ ಬಿತ್ತು. ಹಿಂದೆ ಇದ್ದದ್ದೆಲ್ಲ ಸೀಟುಗಳ ಕೆಳಗೆ ನದಿಯಾಗಿ ಹರಿದು, ಜನರ ಚೀಲ, ಚಪ್ಪಲಿ, ಒಬ್ಬರ ಮನೆಯ ಶುಭಕಾರ್ಯಕ್ಕೆ ಹೊರಟಿದ್ದ ವೀಳ್ಯದೆಲೆಯ ಕಟ್ಟು ಎಲ್ಲವನ್ನೂ ಮುಟ್ಟಿ, ಕೊನೆಗೆ ಡ್ರೈವರ್ ನಂಜುಂಡಪ್ಪನವರ ಪಾದ ತೊಳೆಯಿತು.

ನಂಜುಂಡಪ್ಪನವರು ಬಸ್ಸು ನಿಲ್ಲಿಸಿ ಕಾಲೆತ್ತಿ ನೋಡಿಕೊಂಡರು. ಅವರು ವಿಭೂತಿ ಹಚ್ಚದೆ ಸ್ಟೇರಿಂಗ್ ಮುಟ್ಟಿದವರಲ್ಲ.

“ಏನಯ್ಯಾ ಗೌಡ, ಪಾದಪೂಜೆ ಮಾಡ್ಸಿದ್ಯಾ?”

“ತೊಳೆಯೋಣ ಅಂತ ಹಾಕ್ದೆ...”

“ತೊಳ್ದೆ ಬಿಡು, ಇಡೀ ಬಸ್ಸಿಗೆ ಹಂಚ್ದೆ. ಪ್ರಸಾದ ಐತೇನಯ್ಯ ಅದು? ನಾಳೆ ನಾರಿನ ಮಿಲ್ಲಿಗೆ ಹೋಗಿ ಒಂದ್ ಚೀಲ ಹೊಟ್ಟು ತುಂಬ್ಕಂಡ್ ಬಾ. ಕಕ್ಕಿದ್ ಮ್ಯಾಲೆ ಸುರಿ. ಹೀರ್ಕಂತದೆ. ಆಮ್ಯಾಕೆ ಗುಡಿಸ್ಬುಡು, ಅಷ್ಟೆ.”

ಅರಸೀಕೆರೆಯಲ್ಲಿ ತೆಂಗಿನ ನಾರು ಬಿಡಿಸುವ ಮಿಲ್ಲುಗಳ ಹಿಂದೆ ಕಂದು ಬಣ್ಣದ ಹೊಟ್ಟು ಗುಡ್ಡೆ ಬಿದ್ದಿರುತ್ತದೆ. ಕೇಳಿದರೆ ಹಾಗೇ ಕೊಡುತ್ತಾರೆ. ಅಂದಿನಿಂದ ಕೊನೆಯ ಸೀಟಿನ ಕೆಳಗೆ ಒಂದು ಚೀಲ ಹೊಟ್ಟು, ಒಂದು ಮೋಟು ಪೊರಕೆ ಇರದೆ ನನ್ನ ಬಸ್ಸು ಹೊರಟಿಲ್ಲ. ಒಬ್ಬ ಅಧಿಕಾರಿ ಆ ಚೀಲ ನೋಡಿ, ಬಸ್ಸಿನಲ್ಲಿ ಅನಧಿಕೃತ ಸರಕು ಸಾಗಿಸುತ್ತಿದ್ದೀಯ ಎಂದು ನನ್ನಿಂದ ವಿವರಣೆ ಕೇಳಿದರು. ಹೊಟ್ಟನ್ನು ಯಾರಿಗೆ ಮಾರುತ್ತೀಯ ಎಂದೂ ಕೇಳಿದರು. ಇಷ್ಟು ಓದಿಕೊಂಡವರಿಗೆ ಇಷ್ಟು ಅನುಮಾನ ಹೇಗೆ ಬರುತ್ತದೆ ಎಂದು ಆಗ ಆಶ್ಚರ್ಯವಾಗುತ್ತಿತ್ತು. ಈಗ ಆಗುವುದಿಲ್ಲ.

ಇನ್ನೊಬ್ಬರು ಬಸ್ಸಿನೊಳಗೆಲ್ಲ ‘ವಮನ ಮಾಡುವುದನ್ನು ನಿಷೇಧಿಸಲಾಗಿದೆ’ ಎಂದು ಬರೆಸಿದರು. ಜಾವಗಲ್‌ನ ಸಂತೆಯಿಂದ ಹತ್ತಿದ ಒಬ್ಬ ಅಜ್ಜಿ, “ಅದೇನಪ್ಪಾ ಬರ್ದವ್ರೆ?” ಎಂದು ಕೇಳಿತು. ಬಸ್ಸಲ್ಲಿ ಕಕ್ಕಬಾರದು ಅಂತ ಎಂದು ಹೇಳಿದೆ. ಅಜ್ಜಿ ಬಾಯಿಗೆ ಸೆರಗಿಟ್ಟು ನಕ್ಕಿತು. “ನಂಗ್ಯಾಕೆ ಹೇಳ್ತೀಯ, ಹೊಟ್ಟೆಗೆ ಓದಿ ಹೇಳು. ನಂಗೂ ಓದಾಕ್ ಬರಲ್ಲ, ನನ್ ಹೊಟ್ಟೆಗೂ ಬರಲ್ಲ.”

ಜಯಮ್ಮನ ತವರು ಗೆಂಡೆಹಳ್ಳಿ. ಬೇಲೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಮದುವೆಯಾಗಿ ನಮ್ಮೂರಿಗೆ ಬರುವ ದಿಬ್ಬಣದ ಬಸ್ಸಿನಲ್ಲೇ ಅವಳು ಕಕ್ಕಿದಳು. ನಮ್ಮ ದೊಡ್ಡಮ್ಮ ಅಲ್ಲೇ, “ಕಂಡಕ್ಟ್ರಿಗೆ ಸರಿಯಾದ್ ಹೆಣ್ಣು ಹುಡುಕವ್ರೆ” ಎಂದಿತು. ಎಲ್ಲರೂ ನಕ್ಕರು. ಹೊಸ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಹುಡುಗಿ ಆಮೇಲೆ ಆ ನಗುವನ್ನು ಮರೆಯಲೇ ಇಲ್ಲ.

ತವರಿಗೆ ಹೋಗುವುದಿದ್ದರೆ ಹಿಂದಿನ ದಿನದಿಂದಲೇ ಉಪವಾಸ. ಜನ ಹೇಳಿದ್ದನ್ನೆಲ್ಲ ಮಾಡಿದಳು. ನಿಂಬೆಹಣ್ಣು ಮೂಸಿದಳು, ಶುಂಠಿ ಕಚ್ಚಿದಳು, ಹುಣಸೆಹಣ್ಣು ಚೀಪಿದಳು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಮಂಪರಿನಲ್ಲಿ ಗೆಂಡೆಹಳ್ಳಿ ದಾಟಿ ಹೋಗಿಬಿಟ್ಟಳು. ಪೇಪರ್ ಮೇಲೆ ಕೂತರೆ ಕಕ್ಕುವುದಿಲ್ಲ ಎಂದು ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಪೇಪರ್ ಮೇಲೆ ಕೂತು, ಅದನ್ನೇ ಎಳೆದುಕೊಂಡು ಅದರಲ್ಲೇ ಕಕ್ಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪೇಪರಿನಿಂದ ಆಗುವ ಉಪಯೋಗ ಅದೇ. ಬಾಡಿಗೆ ಕಾರಿನಲ್ಲಿ ಹೋಗಿ ಎಂದು ಸಲಹೆ ಕೊಡುವವರೂ ಇದ್ದರು. ಕಾರಿನಲ್ಲಿ ಅವಳಿಗೆ ಅರಸೀಕೆರೆಯ ರೈಲ್ವೆ ಗೇಟು ದಾಟುವಷ್ಟರಲ್ಲೇ ಆಗುತ್ತಿತ್ತು.

ಒಂದು ಸಲ ನನ್ನ ಬಸ್ಸು ತಪ್ಪಿ ಬೇರೆ ಬಸ್ಸಿನಲ್ಲಿ ಹೋದಳು. ಹೊಟ್ಟೆ ತೊಳೆಸಿದಾಗ ಬಸ್ಸು ನಿಲ್ಲಿಸಿ ಎನ್ನಲು ನಾಚಿಕೆ. ಬಾಯಿ ಮುಚ್ಚಿಕೊಂಡು ಕೂತಳು. ಬೆರಳ ಸಂದಿಯಿಂದ ಹೊರಬಂದದ್ದು ಪಕ್ಕದವರ ಬಿಳಿ ಅಂಗಿಗೆ ಸಿಡಿಯಿತು. ಗರಿಗರಿ ಅಂಗಿಯ ಆ ಮಹಾಶಯರು ಹಳೇಬೀಡಿನಲ್ಲಿ ಸನ್ಮಾನಕ್ಕೆ ಹೊರಟಿದ್ದರಂತೆ. ಅವರು ಕೂಗಾಡಿದ್ದನ್ನು ಕೇಳಿ ಕಂಡಕ್ಟರ್ ಇವಳನ್ನು ಹಳೇಬೀಡಿಗಿಂತ ಮುಂಚೆಯೇ ಹೊಲದ ಬದಿಯಲ್ಲಿ ಇಳಿಸಿಬಿಟ್ಟ. ಅವ್ವನಿಗೆಂದು ಮಾಡಿಕೊಂಡಿದ್ದ ಕೋಡುಬಳೆಯ ಡಬ್ಬಿ ಹಿಡಿದು ಅವಳು ಬಿಸಿಲಲ್ಲಿ ನಿಂತಿದ್ದು, ಎದುರಿಂದ ಬಂದ ಬಸ್ಸು ಹತ್ತಿ ವಾಪಸ್ಸು ಬಂದಳು. ವಾಪಸ್ಸು ಬರುವಾಗ ಕಕ್ಕಲಿಲ್ಲವಂತೆ. ಒಳಗೆ ಏನೂ ಉಳಿದಿರಲಿಲ್ಲ.

“ಇನ್ನ ನಾನ್ ಬಸ್ ಹತ್ತಲ್ಲ ಕಣ್ರೀ,” ಎಂದಳು.

“ಅವ್ವನ್ನ ನೋಡೋದು ಬ್ಯಾಡ್ವಾ?”

“ಬೇಕು. ಅದಕ್ಕೇ ಅಳು ಬರ್ತಾ ಇರೋದು.”

ಅವಳ ಅವ್ವನಿಗೆ ಆಗಲೇ ವಯಸ್ಸಾಗಿತ್ತು. ಮಂಡಿ ನೋವು, ಊರು ಬಿಟ್ಟು ಬರುವ ಹಾಗಿರಲಿಲ್ಲ. ಮಗಳು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಯಮ್ಮ ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಮಾನವಾಗಿ ಗೆಂಡೆಹಳ್ಳಿಗೆ ಹೋಗಿ ಅವ್ವನ ಮುಖ ನೋಡಿ ಬರಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ತಿಂಗಳುಗಟ್ಟಲೆ ಹಟ ಹಿಡಿದವಳನ್ನು ಕೊನೆಗೆ ನನ್ನ ಬಸ್ಸಿಗೇ ಹತ್ತಿಸಿಕೊಂಡೆ. ಆವತ್ತು ಅರಸೀಕೆರೆ ಸ್ಟ್ಯಾಂಡಿನಲ್ಲಿ ಸೀಟೆಲ್ಲ ತುಂಬಿತ್ತು. ಬಾಗಿಲ ಬಳಿ ನಿಂತು, ಬೆಲ್ ಕೊಡುವ ಮೊದಲು, ಯೋಚನೆ ಮಾಡದೆ ಜೋರಾಗಿ ಕೇಳಿದೆ:

“ಕಕ್ಕೋರು ಯಾರಿದ್ದೀರಾ? ಈಗ್ಲೇ ಹೇಳ್ಬುಡಿ, ಕಿಟಕಿ ಪಕ್ಕ ಕೂರುಸ್ತೀನಿ. ಆಮೇಲೆ ಸೆರಗು, ಟವಲ್ಲು ಅಂತ ಹುಡುಕ್ಬೇಡಿ.”

ಯಾರೋ ಕಿಸಕ್ಕೆಂದರು. ಜಯಮ್ಮ ಮೂರನೆಯ ಸಾಲಿನಿಂದ ಕೈ ಎತ್ತಿದಳು.

“ನಾನ್ ಕಕ್ತೀನಿ.”

ಎಲ್ಲರೂ ತಿರುಗಿ ನೋಡಿದರು. ಆಗ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದ ಕೊಬ್ಬರಿ ವ್ಯಾಪಾರದ ಯಜಮಾನರು, ಹೆಗಲ ಮೇಲೆ ಜರತಾರಿ ಶಲ್ಯ, ಹಣೆ ತುಂಬ ವಿಭೂತಿ, ಗಂಟಲು ಸರಿಮಾಡಿಕೊಂಡರು.

“ನಾನೂವೆ ಕಣವ್ವ. ತಿರುವು ಬಂದ್ರೆ ತಡೆಯಲ್ಲ.”

“ಅಯ್ಯೋ ಸಾವ್ಕಾರ್ರೂ ಕಕ್ತಾರಾ!” ಎಂದ ಹಿಂದಿನಿಂದ ಒಬ್ಬ.

“ಯಾಕ್ಲಾ, ಸಾವ್ಕಾರ್ರ ಹೊಟ್ಟೆ ತಗಡಲ್ಲಿ ಮಾಡವ್ರಾ?” ಎಂದರು ಯಜಮಾನರು.

ಬಸ್ಸೆಲ್ಲ ನಕ್ಕಿತು. ಆಮೇಲೆ ಕೈಗಳು ಏಳತೊಡಗಿದವು. ಮಾಲೇಕಲ್ಲು ಬೆಟ್ಟ ಹತ್ತಿ ಇಳಿದು ಬಂದ ಹೆಂಗಸರು, ಪೊಲೀಸ್ ಕಟಿಂಗಿನ ಒಬ್ಬ ಗಟ್ಟಿ ಆಳು, ಕೂಸು ಎತ್ತಿಕೊಂಡವಳು. ಕೂಸು ಕಕ್ಕುವುದಿಲ್ಲ, ನಾನೇ ಕಕ್ಕುವುದು ಎಂದು ಅವಳು ಸ್ಪಷ್ಟಪಡಿಸಿದಳು. ಎಲ್ಲರನ್ನೂ ಎಡಗಡೆಯ ಕಿಟಕಿಗಳಿಗೆ ಕೂರಿಸಿದೆ. ಬಲಗಡೆ ಎದುರು ಗಾಡಿ ಬರುತ್ತದೆ, ತಲೆ ಹೊರಗೆ ಹಾಕಬಾರದು. ಕಕ್ಕುವವರ ಹಿಂದಿನ ಕಿಟಕಿಯ ಗಾಜು ಮುಚ್ಚಿಸಿದೆ, ಇಲ್ಲದಿದ್ದರೆ ಗಾಳಿ ಅದನ್ನು ಹಿಂದಿನವರ ಮುಖಕ್ಕೆ ತಂದುಕೊಡುತ್ತದೆ. ಯಾರಿಗೆ ಬಂದರೂ ಪಕ್ಕದವರು “ಕಂಡಕ್ಟ್ರೇ, ಇವ್ರಿಗೆ ಬಂತು” ಎನ್ನಬೇಕು, ನಂಜುಂಡಪ್ಪನವರು ನಿಧಾನ ಮಾಡಬೇಕು. ಈ ಪದ್ಧತಿಯನ್ನು ಯಾವ ಕಚೇರಿಯೂ ಮಾಡಲಿಲ್ಲ. ಅದಕ್ಕೇ ನಡೆಯಿತು.

ಜಯಮ್ಮ ಆ ದಿನವೂ ಕಕ್ಕಿದಳು. ಆದರೆ ಮೊದಲ ಸಲ ಹೊರಗೆ ಕಕ್ಕಿದಳು. ಬೇಲೂರಿನಲ್ಲಿ ಇಳಿದಾಗ ಸೀರೆ ಹಾಗೇ ಇತ್ತು. “ಹೋಗ್ಬತ್ತೀನಿ” ಎಂದು ಗೆಂಡೆಹಳ್ಳಿ ಬಸ್ಸಿನ ಕಡೆ ಬಿರುಸಾಗಿ ನಡೆದಳು. ಆಮೇಲೆ ಹಲವು ವರ್ಷ ಹೀಗೇ ಹೋಗಿ ಬಂದಳು, ಬೇಲೂರಿನವರೆಗೆ ನನ್ನ ಬಸ್ಸಿನಲ್ಲಿ ಮಾತ್ರ. ಅಷ್ಟು ದೂರಕ್ಕೆ ಬೇರೆ ಬಸ್ಸನ್ನು ಅವಳು ನಂಬುತ್ತಿರಲಿಲ್ಲ.

ಇದು ಹಾಳಾದದ್ದು ಇತ್ತೀಚಿನ ವರ್ಷಗಳಲ್ಲಿ, ಎಲ್ಲರ ಕೈಗೂ ಫೋನು ಬಂದ ಮೇಲೆ. ಬೇಲೂರು, ಹಳೇಬೀಡಿನ ಶಿಲ್ಪ ನೋಡಲು ಹೊರಟಿದ್ದ ಒಂದು ನಗರದ ಸಂಸಾರ ನನ್ನ ಬಸ್ಸು ಹತ್ತಿತು. ನಾನು ಎಂದಿನಂತೆ ‘ಕಕ್ಕೋರು ಯಾರಿದ್ದೀರಾ’ ಎಂದು ಕೇಳಿದ್ದನ್ನು ಆ ಸಂಸಾರದ ಯಜಮಾನ ಫೋನಿನಲ್ಲಿ ಹಿಡಿದು ಮೇಲಿನವರಿಗೆ ಕಳಿಸಿದ. ಹೆಂಗಸರು ಮಕ್ಕಳ ಎದುರು ಕಂಡಕ್ಟರ್ ಅಸಭ್ಯ ಪದ ಬಳಸಿದ ಎಂದು ದೂರು. ಆ ದಿನ ಅವನ ಮಗಳು ಕೈ ಎತ್ತಿ ಕಿಟಕಿಯ ಸೀಟು ತೆಗೆದುಕೊಂಡು ಚೆನ್ನಾಗಿ ಕಕ್ಕಿದ್ದಳು. ಅದನ್ನು ಹಿಡಿದಿರಲಿಲ್ಲ.

ಡಿಪೋದ ಹೊಸ ಸಾಹೇಬರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಬೆರಳಾಡಿಸುತ್ತ ಕೇಳಿದರು.

“ಕಕ್ಕೋದು ಅಂತೀರಲ್ರೀ, ನಿಮಗೆ ನಾಚಿಕೆ ಆಗಲ್ವಾ?”

“ಬಸ್ಸಲ್ಲಿ ಆಗೋದು ಅದೇ ಸಾರ್.”

“ಅದಕ್ಕೆ ಒಳ್ಳೆ ಪದ ಇಲ್ವಾ? ವಾಂತಿ ಅನ್ನಿ. ಗೌರವವಾಗಿ ಕೇಳಿ. ಇಲ್ಲಾಂದ್ರೆ ಈ ಲೈನಲ್ಲಿ ನೀವು ಇರಲ್ಲ.”

ಮಾರನೆಯ ದಿನ ಅವರೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ನಾನು ಹೇಳಿಕೊಟ್ಟಂತೆ ಕೇಳಿದೆ. “ದಯವಿಟ್ಟು ಯಾರಿಗಾದರೂ ವಾಂತಿಯ ತೊಂದರೆ ಇದೆಯೇ?” ಒಂದು ಕೈಯೂ ಏಳಲಿಲ್ಲ. ಮುಖ ಗುರುತಿದ್ದವರೂ ಕಿಟಕಿಯಾಚೆ ನೋಡಿದರು. ಒಬ್ಬಾಕೆ ಪಕ್ಕದವಳಿಗೆ, “ಯಾರ್ಗೋ ಕಾಯ್ಲೆ ಐತಂತೆ, ಈಚೆಗ್ ಬಾ” ಎಂದಳು. ಹಳೇಬೀಡು ಬರುವಷ್ಟರಲ್ಲಿ ಬಾಗಿಲ ಬಳಿ ಒಂದು, ನಡುವಿನಲ್ಲಿ ಒಂದು, ಒಬ್ಬರ ಬ್ಯಾಗಿನೊಳಗೆ ಒಂದು. ನಾನು ಹೊಟ್ಟಿನ ಚೀಲ ಹಿಡಿದು ಹಿಂದೆ ಮುಂದೆ ಓಡಾಡಿದೆ.

ಇದು ಕಟ್ಟುಕಥೆಯಾಗಿದ್ದರೆ ಸಾಹೇಬರಿಗೂ ಬಂದು ಅವರ ಬೂಟಿನ ಮೇಲೇ ಬೀಳಬೇಕಿತ್ತು. ಹಾಗೇನೂ ಆಗಲಿಲ್ಲ. ಅವರ ಹೊಟ್ಟೆ ಕಲ್ಲಿನಂತೆ ಇತ್ತು. ಹಳೇಬೀಡಿನಲ್ಲಿ ಇಳಿದು ಬಿಸಿ ಬೋಂಡ ತಿಂದು, ಬೆರಳು ಒರೆಸಿಕೊಳ್ಳುತ್ತ, “ನೋಡಿ, ಭಾಷೆ ಎಷ್ಟು ಶುದ್ಧವಾಗಿತ್ತು” ಎಂದರು. ನೆಲದ ವಿಚಾರ ಎತ್ತಲಿಲ್ಲ. ನೆಲ ಅವರ ಇಲಾಖೆಗೆ ಬರುವುದಿಲ್ಲ.

ಅವರು ಇಳಿದು ಹೋದ ಮೇಲೆ ನಾನು ಹಳೆಯ ಪದಕ್ಕೇ ಮರಳಿದೆ. ಸುದ್ದಿ ಮುಟ್ಟಿಸುವವರು ಮುಟ್ಟಿಸಿದರು. ನನ್ನನ್ನು ಬೇಲೂರು ಲೈನಿನಿಂದ ತೆಗೆದು ತಿಪಟೂರಿನ ಕಡೆಗೆ ಹಾಕಿದರು. ಆಗ ನಂಜುಂಡಪ್ಪನವರು ನಿವೃತ್ತರಾಗಿದ್ದರು. ಸುದ್ದಿ ಕೇಳಿ ಮನೆಗೆ ಬಂದು, “ಗೆಲುವಾಯ್ತಲ್ಲಯ್ಯ, ಕಕ್ಕೋ ಜನಾನ ಎತ್ತಂಗಡಿ ಮಾಡಾಕೆ ಆಗ್ಲಿಲ್ಲ, ನಿನ್ನನ್ನ ಮಾಡವ್ರೆ” ಎಂದು ಕಾಫಿ ಕುಡಿದು ಹೋದರು.

ಜಯಮ್ಮ ನಗಲಿಲ್ಲ. ಅವರು ಹೋದ ಮೇಲೆ ಲೋಟ ತೆಗೆಯುತ್ತ ಕೇಳಿದಳು.

“ಒಂದ್ ಪದ ಬಿಟ್ಟಿದ್ರೆ ಲೈನು ಉಳೀತಿತ್ತು ಅಲ್ವಾ?”

“ಉಳೀತಿತ್ತು.”

“ಬಿಡ್ಬೇಕಾಗಿತ್ತು ಕಣ್ರೀ. ಅವ್ವಂಗೆ ಈಗೀಗ ಕಣ್ಣೂ ಮಂಜಾಗೈತೆ, ಮರೆವೂ ಜಾಸ್ತಿ. ನಾನ್ ಹೆಂಗ್ ಹೋಗ್ಲಿ? ನಿಮ್ ಸಾಹೇಬ್ರು ಕರ್ಕಂಡ್ ಹೋಗ್ತಾರಾ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಪದ ಉಳಿಸಿಕೊಂಡೆ, ಅವಳು ದಾರಿ ಕಳೆದುಕೊಂಡಳು. ಆ ಬೇಸಿಗೆಯೆಲ್ಲ ಅವಳು ಗೆಂಡೆಹಳ್ಳಿಯ ಹೆಸರೆತ್ತಲಿಲ್ಲ. ಸಂಜೆ ತಮ್ಮನಿಗೆ ಫೋನು ಮಾಡಿ, ಅವ್ವನ ಕಿವಿಗೆ ಫೋನು ಹಿಡಿಯಲು ಹೇಳುತ್ತಿದ್ದಳು. ಆ ಕಡೆಯಿಂದ ಅವ್ವ “ಯಾರು?” ಎನ್ನುತ್ತಿತ್ತು. “ನಾನು ಜಯ” ಎಂದರೆ, “ಯಾವ ಜಯ?” ಎನ್ನುತ್ತಿತ್ತು. ಫೋನು ಇಟ್ಟು ಇವಳು ಒಲೆಯ ಕಡೆ ತಿರುಗುತ್ತಿದ್ದಳು.

ಒಂದು ಬೆಳಗ್ಗೆ ತಮ್ಮನೇ ಫೋನು ಮಾಡಿದ. ಅವ್ವ ಗಂಜಿಯನ್ನೂ ಬಿಟ್ಟಿದೆ, ನೋಡುವುದಿದ್ದರೆ ಈಗಲೇ ಬಾ ಎಂದ. ನಾನು ತಿಪಟೂರಿನ ದಾರಿಯಲ್ಲಿದ್ದೆ. ಬರುತ್ತೇನೆ, ಕಾಯಿ ಎಂದು ಹೇಳಿಸಿದೆ. ಅವಳು ಕಾಯಲಿಲ್ಲ. ನಾನು ಮನೆಗೆ ಬಂದಾಗ ಪಕ್ಕದ ಮನೆಯಲ್ಲಿ ಬೀಗದ ಕೈ ಇತ್ತು.

ನಾನು ಆ ದಿನವೇ ಹಿಂದೆ ಹೊರಡಬೇಕೆಂದಿದ್ದೆ. ಆದರೆ ಅವಳೇ ಫೋನು ಮಾಡಿ, ಮುಟ್ಟಿದ್ದೇನೆ, ನೀವು ರಜೆ ಹಾಕಿಕೊಂಡು ನಿಧಾನವಾಗಿ ಬನ್ನಿ ಎಂದಳು. ದಾರಿಯಲ್ಲಿ ಏನಾಯಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹೊಲದ ಬದಿಯಲ್ಲಿ ಡಬ್ಬಿ ಹಿಡಿದು ನಿಂತವಳೇ ಕಣ್ಣಮುಂದೆ ಇದ್ದಳು.

ಅವ್ವನ ಕಾರ್ಯವೆಲ್ಲ ಮುಗಿಸಿ ನಾವು ಅರಸೀಕೆರೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಾಗ ತಾನಾಗಿಯೇ ಹೇಳಿದಳು. ಹತ್ತಿದ ಬಸ್ಸಿನಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲವಂತೆ. ಕಂಡಕ್ಟರ್ ಮೆಷಿನ್ನು ನೋಡುತ್ತ, ಹೆಂಗಸರ ಆಧಾರ್ ಕೇಳುತ್ತ ಬರುತ್ತಿದ್ದ. ಇವಳು ಸೀಟು ಹಿಡಿಯದೆ ಬಾಗಿಲ ಬಳಿ ನಿಂತು, ಚೀಲ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳಂತೆ:

“ನೋಡ್ರಪ್ಪಾ, ನಾನ್ ಕಕ್ಕೋಳು. ಅವ್ವ ಸಾಯ್ತಾ ಐತೆ, ನೋಡಾಕೆ ಹೊಂಟಿವ್ನಿ. ಯಾರಾದ್ರೂ ಎಡಗಡೆ ಕಿಟಕಿ ಬಿಡಿ. ಹಿಂದಿರೋರು ಗಾಜು ಹಾಕ್ಕಳಿ.”

“ಯಾರು ಎದ್ರು?” ಎಂದು ಕೇಳಿದೆ.

“ಯಾವ್ದೋ ಕಾಲೇಜು ಹುಡ್ಗಿ. ಕೂತ್ಕಳಿ ಆಂಟಿ ಅಂದ್ಲು. ಜಾವಗಲ್ ದಾಟಿದ್ ಮೇಲೆ ಬಂತು. ಬೆನ್ ಸವರಿ ನೀರ್ ಕೊಟ್ಲು. ಹಿಂದ್ಲೋನು ಗಾಜು ಹಾಕ್ಕಂಡಿರ್ಲಿಲ್ಲ, ಅನುಭವಿಸ್ದ.”

ಅದನ್ನು ಹೇಳಿ ನಕ್ಕಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

“ಮನೆ ಒಳಕ್ ಹೋದೆ. ತಮ್ಮ, ಯಾರ್ ಬಂದವ್ರೆ ನೋಡವ್ವ ಅಂದ. ಅವ್ವ ನೋಡ್ತು. ಗುರ್ತು ಸಿಗ್ಲಿಲ್ಲ. ನಾನ್ ಜಯ ಅಂದೆ, ಸುಮ್ಕೆ ಮಲಗಿತ್ತು. ಹತ್ರ ಹೋಗಿ ಬಗ್ಗಿದೆ. ನನ್ ಕೆನ್ನೆ ಮುಟ್ಟಿ ನೋಡ್ತು, ತಣ್ಣಗಿತ್ತಲ್ಲ, ಬಾಯ್ ಹತ್ರ ವಾಸ್ನೆ ನೋಡ್ತು. ಆಮ್ಯಾಕೆ...”

“ಆಮೇಲೆ?”

“‘ದಾರೀಲಿ ಕಕ್ಕಿದ್ಯೇನೇ ಜಯ? ಹೋಗು, ಮಖ ತೊಳ್ಕಂಡ್ ಬಾ, ಒಂಚೂರ್ ಮಜ್ಜಿಗೆ ಕುಡಿವಂತೆ’ ಅಂತು ಕಣ್ರೀ.”